ಹೊಸ ವಸ್ತುವಿಗೆ ಹೊಸ ಲೆಕ್ಕ: ಸಂಕೇತ ಬೀಜಗಣಿತ ತಂತ್ರಾಂಶದಲ್ಲಿ ನಿಯಮ ಕಟ್ಟುವ ಬಗೆ

(ಬಿಳೇಕಹಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)

ಸಂಜೆಯ ಹೊತ್ತಿನಲ್ಲಿ ಬನ್ನೇರುಘಟ್ಟ ರಸ್ತೆಯನ್ನು ದಾಟಿ ಬಿಳೇಕಹಳ್ಳಿಗೆ ಬರುವುದೆಂದರೆ ಏನೆಂದು ನಿಮಗೂ ಗೊತ್ತು, ನನಗೂ ಗೊತ್ತು. ಅಷ್ಟು ಕಷ್ಟಪಟ್ಟು ಬಂದು ಗಣಿತದ ಮಾತು ಕೇಳಲು ಕುಳಿತಿದ್ದೀರಿ. ಮೊದಲು ಅದಕ್ಕೆ ನನ್ನ ನಮಸ್ಕಾರ.

ಈ ಭಾಗದಲ್ಲಿ ಮನೆಗೊಬ್ಬರು ಸಾಫ್ಟ್‌ವೇರ್ ಕೆಲಸದವರಿದ್ದಾರೆ. ಇಲ್ಲಿಂದ ಕೂಗಳತೆಯಲ್ಲಿ ಐಐಎಂ ಇದೆ. ಆದ್ದರಿಂದ ಕಂಪ್ಯೂಟರ್ ಎಂದರೇನು ಎಂದು ನಾನು ಹೇಳಬೇಕಾಗಿಲ್ಲ. ಆದರೆ ಕಂಪ್ಯೂಟರಿಗೆ ‘ಕೂಡು’ ಎಂದರೆ ಏನರ್ಥ ಎಂಬುದನ್ನು ಯಾರು ಕಲಿಸುತ್ತಾರೆ, ನಾವೇ ಹೊಸದೊಂದು ವಸ್ತುವನ್ನು ಮಾಡಿ ಅದರ ಕೈಗೆ ಕೊಟ್ಟರೆ ಅದು ಹೇಗೆ ಕೂಡುತ್ತದೆ ಎಂಬುದು ವಿಚಾರ ಮಾಡಬೇಕಾದ ಸಂಗತಿ. ಇವತ್ತಿನ ನನ್ನ ಮಾತು ಇದಕ್ಕೆ ಸೀಮಿತ. ಮೊದಲು ಹಳೆಯ ರೂಪಾಯಿ–ಆಣೆ–ಪೈ ಲೆಕ್ಕವನ್ನು ಹಿಡಿದು ಒಂದು ವಸ್ತುವನ್ನು ಕಟ್ಟೋಣ. ಆಮೇಲೆ ಆ ವಸ್ತು ಪರಕೀಯರನ್ನು ಎದುರುಗೊಂಡಾಗ ಏನಾಗುತ್ತದೆ ಎಂದು ನೋಡೋಣ. ಅಲ್ಲಿಂದ ಸೊನ್ನೆಯ ಕಡೆಗೆ, ರಾಷ್ಟ್ರಕೂಟರ ಕಾಲದ ನಮ್ಮ ಮಹಾವೀರಾಚಾರ್ಯನ ಕಡೆಗೆ ಹೋಗೋಣ. ಕೊನೆಗೆ, ಕ್ರಮ ಬದಲಾದರೆ ಉತ್ತರವೂ ಬದಲಾಗುವ ವಸ್ತುಗಳನ್ನು ಈ ಊರಿನಲ್ಲೇ ಕುಳಿತು ಅಳೆದವರ ಕಥೆ.

ಸಾಮಾನ್ಯ ಕ್ಯಾಲ್ಕುಲೇಟರಿಗೆ ಎರಡರ ವರ್ಗಮೂಲ ಕೇಳಿದರೆ ದಶಮಾಂಶದ ಒಂದು ಸಂಖ್ಯೆ ಕೊಡುತ್ತದೆ. ಸಂಕೇತ ಬೀಜಗಣಿತ ತಂತ್ರಾಂಶ ಹಾಗಲ್ಲ. ವರ್ಗಮೂಲ ಎರಡನ್ನು ಕರಣಿಯಾಗಿಯೇ ಇಟ್ಟುಕೊಳ್ಳುತ್ತದೆ, ಅದರ ವರ್ಗ ಕೇಳಿದಾಗ ಸರಿಯಾಗಿ ಎರಡು ಎನ್ನುತ್ತದೆ. ಅವ್ಯಕ್ತರಾಶಿಯನ್ನು ಅದೇ ರಾಶಿಗೆ ಕೂಡಿಸಿದರೆ ಅದರ ಎರಡರಷ್ಟು ಎನ್ನುತ್ತದೆ, ಬೆಲೆ ಗೊತ್ತಿರಬೇಕಾಗಿಲ್ಲ. ಇಂಥ ತಂತ್ರಾಂಶಗಳಲ್ಲಿ ಹಳೆಯವುಗಳಲ್ಲೊಂದು ಮ್ಯಾಕ್ಸಿಮಾ. ಅದರ ಬೇರು 1968ರಲ್ಲಿ ಎಂಐಟಿಯಲ್ಲಿ ಶುರುವಾದ ‘ಮ್ಯಾಕ್‌ಸಿಮಾ’ದಲ್ಲಿದೆ. 1988ರಲ್ಲಿ ಮ್ಯಾಥಮ್ಯಾಟಿಕಾ ಬಂತು. ನಮ್ಮ ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುವುದು ಪೈಥಾನ್ ಭಾಷೆಯಲ್ಲಿರುವ ಸಿಂಪೈಯನ್ನು. ಅದು ಉಚಿತ, ಅದರ ಒಳಗನ್ನು ಯಾರು ಬೇಕಾದರೂ ತೆರೆದು ಓದಬಹುದು. ನನ್ನ ಉದಾಹರಣೆಗಳು ಬಹುಪಾಲು ಅದರವೇ.

ಈಗ ಮೊದಲ ವಿಷಯಕ್ಕೆ ಬರುತ್ತೇನೆ.

1957ರ ಏಪ್ರಿಲ್ 1ರಂದು ನಮ್ಮಲ್ಲಿ ದಶಮಾನ ನಾಣ್ಯ ಬಂತು. ಅದಕ್ಕೆ ಮುಂಚೆ ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಹಳೆಯ ಅಂಗಡಿ ಲೆಕ್ಕದ ಪುಸ್ತಕ ಮನೆಯಲ್ಲಿ ಉಳಿಸಿಕೊಂಡವರು ಮೂರು ಸಾಲಿನ ಆ ಅಂಕಿಗಳನ್ನು ನೋಡಿರುತ್ತೀರಿ. ಮೂರು ರೂಪಾಯಿ ಹತ್ತು ಆಣೆ ಆರು ಪೈಗೆ ಎರಡು ರೂಪಾಯಿ ಎಂಟು ಆಣೆ ಒಂಬತ್ತು ಪೈ ಕೂಡಿಸಬೇಕು. ಪೈ ಹದಿನೈದು: ಮೂರು ಬರೆದು ಕೈಯಲ್ಲಿ ಒಂದು. ಆಣೆ ಹತ್ತು, ಎಂಟು, ಕೈಯಲ್ಲಿದ್ದ ಒಂದು, ಒಟ್ಟು ಹತ್ತೊಂಬತ್ತು: ಮೂರು ಬರೆದು ಕೈಯಲ್ಲಿ ಒಂದು. ರೂಪಾಯಿ ಆರು. ಉತ್ತರ ಆರು ರೂಪಾಯಿ ಮೂರು ಆಣೆ ಮೂರು ಪೈ. ಒಂದೇ ಲೆಕ್ಕದಲ್ಲಿ ‘ಕೈಯಲ್ಲಿ ಒಂದು’ ಎಂಬುದಕ್ಕೆ ಎರಡು ಅರ್ಥ: ಒಂದು ಕಡೆ ಹನ್ನೆರಡು, ಇನ್ನೊಂದು ಕಡೆ ಹದಿನಾರು.

ಇದನ್ನು ಕಂಪ್ಯೂಟರಿಗೆ ಕಲಿಸಬೇಕಾದರೆ ‘ಹಣ’ ಎಂಬ ಹೊಸ ವರ್ಗವನ್ನು (ಕ್ಲಾಸ್) ಸೃಷ್ಟಿಸಿ, ಅದರಲ್ಲಿ ಕೂಡುವಿಕೆಯ ನಿಯಮ ಬರೆಯುತ್ತೇವೆ. ಪೈಥಾನಿನಲ್ಲಿ ಕೂಡುವ ಚಿಹ್ನೆಯನ್ನು ಕಂಡೊಡನೆ ಯಂತ್ರವು ಎಡಗಡೆಯ ವಸ್ತುವನ್ನು ಕೇಳುತ್ತದೆ: ಬಲಗಡೆಯವನನ್ನು ಕೂಡಿಸಿಕೊಳ್ಳುವುದು ನಿನಗೆ ಗೊತ್ತೇ? ಗೊತ್ತಿದ್ದರೆ ಅದು ಉತ್ತರ ಕೊಡುತ್ತದೆ. ಗೊತ್ತಿಲ್ಲವೆಂದರೆ ಯಂತ್ರ ಬಲಗಡೆಯವನ ಕಡೆಗೆ ತಿರುಗಿ ಅದೇ ಪ್ರಶ್ನೆ ಕೇಳುತ್ತದೆ. ಇಬ್ಬರೂ ಕೈಚೆಲ್ಲಿದರೆ ದೋಷದ ಸಂದೇಶ ಬರುತ್ತದೆ. ಆದ್ದರಿಂದ ಪ್ರತಿ ಕ್ರಿಯೆಗೂ ಎರಡು ನಿಯಮ ಬರೆಯಬೇಕು: ವಸ್ತು ಎಡಗಡೆ ಇದ್ದಾಗ ಒಂದು, ಬಲಗಡೆ ಇದ್ದಾಗ ಇನ್ನೊಂದು.

ಗುಣಾಕಾರದಲ್ಲಿ ಇನ್ನೂ ಯೋಚನೆ ಬೇಕು. ಹಣವನ್ನು ಮೂರರಿಂದ ಗುಣಿಸಬಹುದು. ಮೂರು ರೂಪಾಯಿ ಹತ್ತು ಆಣೆ ಆರು ಪೈಯನ್ನು ಮೂರರಿಂದ ಗುಣಿಸಿದರೆ ಹತ್ತು ರೂಪಾಯಿ ಹದಿನೈದು ಆಣೆ ಆರು ಪೈ. ಆದರೆ ಹಣವನ್ನು ಹಣದಿಂದ ಗುಣಿಸಿದರೆ? ಐದು ರೂಪಾಯಿಯನ್ನು ಎರಡು ರೂಪಾಯಿಯಿಂದ ಗುಣಿಸು ಎಂದು ಯಾವ ಶೆಟ್ಟರೂ ಕೇಳಿಲ್ಲ. ಹಣವನ್ನು ಹಣದಿಂದ ಭಾಗಿಸುವುದಕ್ಕೆ ಮಾತ್ರ ಅರ್ಥವಿದೆ: ಅಲ್ಲಿ ಬರುವ ಉತ್ತರ ಹಣವಲ್ಲ, ಬರಿಯ ಸಂಖ್ಯೆ. ಹಣಕ್ಕೆ ಐದು ಎಂಬ ಬರಿಯ ಸಂಖ್ಯೆಯನ್ನು ಕೂಡಿಸು ಎಂದರೆ ಆ ಐದು ರೂಪಾಯಿಯೋ ಆಣೆಯೋ ಪೈಯೋ? ಊಹಿಸಿ ಉತ್ತರ ಕೊಡುವ ತಂತ್ರಾಂಶ ಬಳಸುವವನಿಗೆ ಅನ್ಯಾಯ ಮಾಡುತ್ತದೆ. ಇಲ್ಲಿ ‘ಆಗದು’ ಎನ್ನುವುದೇ ಸರಿಯಾದ ನಿಯಮ. ಅದನ್ನೂ ಬರೆದಿಡಬೇಕು.

ನನ್ನ ಬಳಿ ಬರುವ ಇಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬಳು ಈ ಹಣದ ವರ್ಗವನ್ನು ಅಚ್ಚುಕಟ್ಟಾಗಿ ಬರೆದು ತಂದಿದ್ದಳು. ಎರಡು ಮೊತ್ತಗಳನ್ನು ಕೂಡಿದರೆ ಸರಿ ಉತ್ತರ. ಆದರೆ ಹತ್ತು ಮೊತ್ತಗಳ ಪಟ್ಟಿ ಮಾಡಿ ಪೈಥಾನಿನ ಮೊತ್ತ ತೆಗೆಯುವ ಆಜ್ಞೆಗೆ ಕೊಟ್ಟರೆ ದೋಷ. ಅರ್ಧ ಗಂಟೆ ಹುಡುಕಿದೆವು. ಕಾರಣ ಇಷ್ಟು: ಆ ಆಜ್ಞೆ ಸೊನ್ನೆಯಿಂದ ಶುರುಮಾಡುತ್ತದೆ. ಸೊನ್ನೆಗೆ ಮೊದಲ ಮೊತ್ತ ಕೂಡಿಸು, ಅದಕ್ಕೆ ಎರಡನೆಯದು, ಹೀಗೆ. ಸೊನ್ನೆ ಬರಿಯ ಸಂಖ್ಯೆ. ಬರಿಯ ಸಂಖ್ಯೆಯನ್ನು ಹಣಕ್ಕೆ ಕೂಡಿಸಬಾರದು ಎಂದು ಅವಳೇ ನಿಯಮ ಬರೆದಿದ್ದಳು. ಕೊನೆಗೆ ಒಂದು ವಿನಾಯಿತಿ ಸೇರಿಸಿದಳು: ಬರಿಯ ಸಂಖ್ಯೆಗಳಲ್ಲಿ ಸೊನ್ನೆಗೆ ಮಾತ್ರ ಪ್ರವೇಶವುಂಟು, ಏಕೆಂದರೆ ಸೊನ್ನೆ ರೂಪಾಯಿಯೂ ಸೊನ್ನೆ ಪೈಯೂ ಒಂದೇ. ಆ ಒಂದು ಸಾಲು ಬರೆದಾಗ ಅವಳ ಮುಖದಲ್ಲಿ ಮೂಡಿದ ಸಂತೋಷ ನನಗೆ ಇನ್ನೂ ನೆನಪಿದೆ. ಅನನ್ಯತಾಂಶ ಎಂಬ ಪಠ್ಯಪುಸ್ತಕದ ಪದ ಆ ದಿನ ಅವಳಿಗೆ ನಿಜವಾಗಿ ದಕ್ಕಿತು.

ಇಲ್ಲಿಯವರೆಗೆ ಹೇಳಿದ್ದು ಯಾವ ತಂತ್ರಾಂಶಕ್ಕೂ ಸಲ್ಲುತ್ತದೆ. ಸಂಕೇತ ಬೀಜಗಣಿತದ ವಿಶೇಷ ತೊಡಕು ಇನ್ನು ಬರುತ್ತದೆ. ಇದು ನನ್ನ ಎರಡನೆಯ ವಿಷಯ.

ತಲೆಗೆ ಮೂರು ರೂಪಾಯಿ ಹತ್ತು ಆಣೆ ಆರು ಪೈಯಂತೆ ‘ನ’ ಜನಕ್ಕೆ ಎಷ್ಟು? ‘ನ’ ಎಷ್ಟೆಂದು ಗೊತ್ತಿಲ್ಲ. ಆರು ಪೈಯ ‘ನ’ರಷ್ಟು ಮಾಡಿ ಹನ್ನೆರಡಕ್ಕೆ ಮೀರಿದ್ದನ್ನು ಕೈಯಲ್ಲಿ ಹಿಡಿಯೋಣವೆಂದರೆ ಎಷ್ಟು ಮೀರಿದೆ ಎಂದೇ ತಿಳಿಯದು. ಹಟ ಹಿಡಿದು ನಿಯಮವನ್ನು ಜಾರಿ ಮಾಡಿದರೆ ಪೂರ್ಣಾಂಕ ಭಾಗ, ಶೇಷ ಎಂಬ ಚಿಹ್ನೆಗಳು ತುಂಬಿದ ಉದ್ದನೆಯ ಬೀಜೋಕ್ತಿ ಹುಟ್ಟಿ ಯಾರ ಉಪಯೋಗಕ್ಕೂ ಬಾರದೆ ಹೋಗುತ್ತದೆ. ಸರಿಯಾದ ಕ್ರಮವೆಂದರೆ ಒಟ್ಟು 702 ಪೈಯನ್ನು ಇಡಿಯಾಗಿ ಹಿಡಿದು, ಮುಂದೆ ‘ನ’ ಎಂದು ಬರೆದು, ಅಲ್ಲಿಗೆ ಕೈ ಬಿಡುವುದು. ‘ನ’ರ ಬೆಲೆ ಬಂದ ದಿನ ಆಣೆ ರೂಪಾಯಿ ಬಿಡಿಸಿದರಾಯಿತು. ಯಾವಾಗ ಲೆಕ್ಕ ಮಾಡಬೇಕು ಎಂಬುದರಷ್ಟೇ ಯಾವಾಗ ಮಾಡದೆ ಕಾಯಬೇಕು ಎಂಬುದೂ ನಿಯಮ ಬರೆಯುವವನು ಯೋಚಿಸಬೇಕಾದ ಸಂಗತಿ.

ಎರಡನೆಯ ತೊಡಕು ಇನ್ನೂ ಸೂಕ್ಷ್ಮ. ‘ನ’ವನ್ನು ಎಡಗಡೆ ಬರೆದಿರಿ, ಹಣವನ್ನು ಬಲಗಡೆ. ಯಂತ್ರ ಮೊದಲು ಎಡಗಡೆಯವನನ್ನು ಕೇಳುತ್ತದೆ ಎಂದೆನಲ್ಲ. ‘ನ’ ಸಿಂಪೈಯ ಮನೆಮಗ; ಹಣವನ್ನೂ ಆ ಕುಟುಂಬಕ್ಕೆ ಸೇರಿಸಿ ಬರೆದಿದ್ದೀರಿ ಎನ್ನೋಣ. ತನ್ನ ಕುಟುಂಬದ ಯಾವ ವಸ್ತುವನ್ನು ಕಂಡರೂ ಗುಣಿಸಲು ಬರುತ್ತದೆ ಎಂದೇ ಅದರ ನಂಬಿಕೆ. ನೀವು ಬರೆದ ನಿಯಮವನ್ನು ಕೇಳದೆಯೇ ಎರಡನ್ನೂ ಒಂದು ಗುಣಲಬ್ಧದೊಳಗೆ ಕಟ್ಟಿಬಿಡುತ್ತದೆ. ಇದಕ್ಕೆ ಸಿಂಪೈ ಮಾಡಿಕೊಂಡ ಉಪಾಯ ಆದ್ಯತೆಯ ಅಂಕ. ಸಾಮಾನ್ಯ ಬೀಜೋಕ್ತಿಗೆ 10, ಸಂಖ್ಯೆಗಳಿಂದ ತುಂಬಿದ ಮಾತೃಕೆಗೆ 10.01, ಸಂಕೇತ ರೂಪದ ಮಾತೃಕೆಗೆ 11. ಬಲಗಡೆಯವನ ಅಂಕ ಹೆಚ್ಚಿದ್ದರೆ ಎಡಗಡೆಯವನು ತಾನು ಹಿಂದೆ ಸರಿದು ಅವನಿಗೆ ಮಾತು ಬಿಟ್ಟುಕೊಡುತ್ತಾನೆ. ನಿಮ್ಮ ವಸ್ತುವಿಗೂ ಹತ್ತಕ್ಕಿಂತ ಮೇಲಿನ ಅಂಕ ಕೊಟ್ಟರೆ ಅದರ ಮಾತು ನಡೆಯುತ್ತದೆ.

ಹಾಗೆಂದು ನಿಶ್ಚಿಂತರಾಗಬೇಡಿ. ಆದ್ಯತೆಯ ಅಂಕ ಕೆಲಸ ಮಾಡುವುದು ನೀವು ಚಿಹ್ನೆ ಬರೆದು ಕೂಡಿದಾಗ, ಗುಣಿಸಿದಾಗ ಮಾತ್ರ. ಬೀಜೋಕ್ತಿಯನ್ನು ವಿಸ್ತರಿಸು, ಸುಲಭಗೊಳಿಸು, ಇದರ ಬದಲು ಅದನ್ನು ಆದೇಶಿಸು ಎಂದಾಗ ತಂತ್ರಾಂಶ ಅನೇಕ ಸಲ ಚಿಹ್ನೆಯ ದಾರಿ ಬಿಟ್ಟು ನೇರವಾಗಿ ತನ್ನ ಮೊತ್ತ, ಗುಣಲಬ್ಧಗಳನ್ನು ಕಟ್ಟಿಕೊಳ್ಳುತ್ತದೆ. ಮುಂಬಾಗಿಲಲ್ಲಿ ಕಾವಲುಗಾರನನ್ನು ನಿಲ್ಲಿಸಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ. ಇಲ್ಲಿ ಆಗುವ ತಪ್ಪಿಗೆ ದೋಷದ ಸಂದೇಶವೂ ಬರುವುದಿಲ್ಲ. ಉತ್ತರ ಬರುತ್ತದೆ, ಅದು ತಪ್ಪಾಗಿರುತ್ತದೆ. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ನಿಜವಾದ ಅಪಾಯ ಇದೇ. ಮ್ಯಾಥಮ್ಯಾಟಿಕಾ ಬೇರೆ ದಾರಿ ಹಿಡಿಯಿತು: ಕೂಡುವಿಕೆ ಎಂಬ ಎಲ್ಲರಿಗೂ ಸೇರಿದ ಕ್ರಿಯೆಯನ್ನು ಮುಟ್ಟದೆ, ನಿಯಮವನ್ನು ಹೊಸ ವಸ್ತುವಿನ ಹೆಸರಿಗೇ ಅಂಟಿಸಿಡಬಹುದು. ಮ್ಯಾಕ್ಸಿಮಾದಲ್ಲಿ ಸುಲಭಗೊಳಿಸುವ ಯಂತ್ರದ ಕಿವಿಯಲ್ಲೇ ಹೊಸ ನಿಯಮ ಹೇಳುವ ಆಜ್ಞೆಗಳಿವೆ. ಎಲ್ಲಿ ಬರೆದರೂ ಬರೆಯುವವನ ಹೊಣೆ ತಪ್ಪುವುದಿಲ್ಲ.

ಈಗ ಮೂರನೆಯ ವಿಷಯ, ಸೊನ್ನೆ. ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಲು ಅನುಮತಿ ಕೊಡಿ.

ಹೊಸ ವಸ್ತುವಿಗೆ ಲೆಕ್ಕದ ನಿಯಮ ಬರೆಯುವ ಕೆಲಸ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. 628ರಲ್ಲಿ ಬ್ರಹ್ಮಗುಪ್ತ ತನ್ನ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಧನ, ಋಣ, ಸೊನ್ನೆ ಈ ಮೂರನ್ನು ಒಂದರೊಡನೊಂದು ಕೂಡಿ, ಕಳೆದು, ಗುಣಿಸಿ, ಭಾಗಿಸುವ ನಿಯಮಗಳನ್ನು ಪಟ್ಟಿ ಮಾಡಿಟ್ಟ. ಅದಾಗಿ ಸುಮಾರು ಎರಡು ಶತಮಾನದ ಮೇಲೆ, 850ರ ಹೊತ್ತಿಗೆ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ ಮಹಾವೀರಾಚಾರ್ಯ ಗಣಿತಸಾರಸಂಗ್ರಹವನ್ನು ರಚಿಸಿದ. ನೃಪತುಂಗನೆಂದರೆ ನಮಗೆ ಕೂಡಲೇ ಕವಿರಾಜಮಾರ್ಗ ನೆನಪಾಗುತ್ತದೆ. ಅದೇ ರಾಜನ ಸ್ತುತಿ ಈ ಗಣಿತ ಗ್ರಂಥದ ಆರಂಭದಲ್ಲೂ ಇದೆ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಪ್ರಕಟವಾಗಿದೆ. ಈ ಸಭೆಯಲ್ಲಿರುವ ಅಧ್ಯಾಪಕರು ಅದನ್ನು ತಮ್ಮ ಗ್ರಂಥಾಲಯಕ್ಕೆ ತರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಮಹಾವೀರನ ನಿಯಮಗಳಲ್ಲಿ ಎರಡನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಮೊದಲನೆಯದು: ಧನದ ವರ್ಗವೂ ಋಣದ ವರ್ಗವೂ ಧನವೇ, ಋಣರಾಶಿ ತನ್ನ ಸ್ವಭಾವದಿಂದಲೇ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ. ಎಷ್ಟು ಖಚಿತವಾದ ಮಾತು! ತನ್ನ ನಿಯಮಗಳ ಒಳಗೆ ನಿಂತು, ಇದು ಇಲ್ಲಿ ಆಗದು ಎಂದು ಕಾರಣಸಹಿತ ಹೇಳಿದ. ಹಣವನ್ನು ಹಣದಿಂದ ಗುಣಿಸಬೇಡ ಎಂದೆವಲ್ಲ, ಇದೂ ಅದೇ ಜಾತಿಯ ನಿಯಮ. ಬಹಳ ಕಾಲದ ಮೇಲೆ ಯುರೋಪಿನ ಗಣಿತಜ್ಞರು ಋಣ ಒಂದರ ವರ್ಗಮೂಲವನ್ನು ಹೊಸ ವಸ್ತುವೆಂದೇ ಒಪ್ಪಿ ಅದಕ್ಕೆ ಬೇರೆ ನಿಯಮ ಬರೆದರು. ಮಹಾವೀರನ ‘ಇಲ್ಲ’ ಅದರಿಂದ ಸುಳ್ಳಾಗಲಿಲ್ಲ. ಅವನ ಸಂಖ್ಯೆಗಳ ಲೋಕದಲ್ಲಿ ಅದು ಇವತ್ತಿಗೂ ನಿಜ.

ಎರಡನೆಯದು ಸೊನ್ನೆಯದು. ಯಾವುದೇ ರಾಶಿಯನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆ. ಸೊನ್ನೆಯಿಂದ ಭಾಗಿಸಿದರೆ ರಾಶಿ ಬದಲಾಗದು ಎನ್ನುತ್ತಾನೆ. ಈ ಎರಡನೆಯ ಮಾತು ನಿಲ್ಲುವುದಿಲ್ಲ. ಐದನ್ನು ಸೊನ್ನೆಯಿಂದ ಭಾಗಿಸಿದರೆ ಐದೇ ಎನ್ನೋಣ. ಭಾಗಿಸಿದ್ದನ್ನು ಮತ್ತೆ ಅದರಿಂದಲೇ ಗುಣಿಸಿದರೆ ಮೊದಲಿನ ರಾಶಿ ಬರಬೇಕು. ಇಲ್ಲಿ ಐದನ್ನು ಸೊನ್ನೆಯಿಂದ ಗುಣಿಸಿದರೆ ಅವನದೇ ಇನ್ನೊಂದು ನಿಯಮದಂತೆ ಸೊನ್ನೆ ಬರುತ್ತದೆ. ಹಂಚುವುದಕ್ಕೆ ಯಾರೂ ಇಲ್ಲದಿದ್ದರೆ ಇದ್ದದ್ದು ಇದ್ದಂತೆಯೇ ಉಳಿಯುತ್ತದೆ ಎಂಬ ಲೋಕದ ಅನುಭವ ಅವನ ಮನಸ್ಸಿನಲ್ಲಿತ್ತೇನೋ. ಬಿಡಿಯಾಗಿ ನೋಡಿದರೆ ಎರಡು ನಿಯಮಗಳೂ ಒಪ್ಪುವಂತಿವೆ, ಒಟ್ಟಿಗೆ ಕೂರಿಸಿದರೆ ಹೊಂದುವುದಿಲ್ಲ. ತಂತ್ರಾಂಶಕ್ಕೆ ನಿಯಮ ಬರೆಯುವವರು ಎಡವುವುದೂ ಇಲ್ಲೇ. ಹೊಸ ನಿಯಮವನ್ನು ಹಳೆಯ ಪ್ರತಿಯೊಂದು ನಿಯಮದ ಪಕ್ಕದಲ್ಲೂ ಇಟ್ಟು ನೋಡದೆ ಸೇರಿಸಬಾರದು.

ಭಾಸ್ಕರಾಚಾರ್ಯ ಹುಟ್ಟಿದ್ದು 1114ರಲ್ಲಿ. ಸಹ್ಯಾದ್ರಿಯ ಬಳಿಯ ತನ್ನ ಊರಿನ ಮಾತನ್ನು ಅವನೇ ಹೇಳಿಕೊಂಡಿದ್ದಾನೆ. ಅದು ನಮ್ಮ ವಿಜಯಪುರವೆಂಬ ವಾದವೂ ಇದೆ, ಮಹಾರಾಷ್ಟ್ರದಲ್ಲಿದೆ ಎಂಬ ವಾದವೂ ಇದೆ. ಅವನ ಬೀಜಗಣಿತದ ಆರಂಭವನ್ನು ಓದಿದರೆ ಇವತ್ತಿನ ತಂತ್ರಾಂಶದ ಕೈಪಿಡಿ ಓದಿದಂತಾಗುತ್ತದೆ. ಧನ–ಋಣಗಳಿಗೆ ಆರು ಕ್ರಿಯೆ, ಸೊನ್ನೆಗೆ ಆರು ಕ್ರಿಯೆ, ಅವ್ಯಕ್ತಕ್ಕೆ ಆರು ಕ್ರಿಯೆ, ಕರಣಿಗೆ ಆರು ಕ್ರಿಯೆ: ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು, ವರ್ಗ, ವರ್ಗಮೂಲ. ವಸ್ತು ಬದಲಾದಾಗಲೆಲ್ಲ ಆರನ್ನೂ ಹೊಸದಾಗಿ ಹೇಳುತ್ತಾನೆ. ಅವ್ಯಕ್ತಗಳಲ್ಲಿ ಮೊದಲನೆಯದಕ್ಕೆ ಯಾವತ್ತಾವತ್ ಎಂದೂ ಉಳಿದವಕ್ಕೆ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರನ್ನೂ ಹೊಂದಿಸಿ, ಒಂದೇ ಜಾತಿಯವು ಕೂಡುತ್ತವೆ, ಬೇರೆ ಜಾತಿಯವು ಬೇರೆಯಾಗಿಯೇ ನಿಲ್ಲುತ್ತವೆ ಎಂದು ಕಟ್ಟು ಹಾಕುತ್ತಾನೆ. ಬೇರೆ ಜಾತಿಯ ಎರಡನ್ನು ಗುಣಿಸಿದರೆ ಹುಟ್ಟುವುದಕ್ಕೆ ‘ಭಾವಿತ’ ಎಂಬ ಹೊಸ ಹೆಸರು.

ಸೊನ್ನೆಯಿಂದ ಭಾಗಿಸಿದ್ದಕ್ಕೆ ಅವನಲ್ಲಿ ‘ಖಹರ’ ಎಂಬ ಬೇರೆ ವಸ್ತುವೇ ಇದೆ. ಅದಕ್ಕೆ ಏನು ಕೂಡಿಸಿದರೂ, ಅದರಿಂದ ಏನು ಕಳೆದರೂ ಅದು ಬದಲಾಗದು. ಪ್ರಳಯದಲ್ಲಿ ಜೀವಿಗಳು ಒಳಸೇರಿದರೂ ಸೃಷ್ಟಿಯಲ್ಲಿ ಹೊರಬಂದರೂ ಅಚ್ಯುತ ಬದಲಾಗದಂತೆ ಎಂದು ಹೋಲಿಕೆ ಕೊಟ್ಟ. ಈಗ ಸಿಂಪೈಗೆ ಬನ್ನಿ. ಪೈಥಾನಿನ ಸಾದಾ ಸಂಖ್ಯೆ ಒಂದನ್ನು ಸೊನ್ನೆಯಿಂದ ಭಾಗಿಸಿದರೆ ದೋಷವೆನ್ನುತ್ತದೆ. ಸಿಂಪೈಯ ಒಂದನ್ನು ಸೊನ್ನೆಯಿಂದ ಭಾಗಿಸಿದರೆ ‘ಝೂ’ ಎಂಬ ಹೆಸರಿನ ಅನಂತವಸ್ತುವನ್ನು ಕೊಡುತ್ತದೆ. ಅದಕ್ಕೆ ಐದು ಕೂಡಿಸಿ: ಝೂ. ಐದು ಕಳೆಯಿರಿ: ಝೂ. ಖಹರದ ನಿಯಮವೇ. ಝೂನಿಂದ ಝೂವನ್ನು ಕಳೆದರೆ ಮಾತ್ರ ‘ಅನಿರ್ಧರಿತ’ ಎನ್ನುತ್ತದೆ.

ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಸೊನ್ನೆಯಿಂದ ಗುಣಿಸಿದ ರಾಶಿಯ ಮೇಲೆ ಮುಂದೆ ಇನ್ನೂ ಕ್ರಿಯೆಗಳು ಬಾಕಿ ಇದ್ದರೆ ಅವಸರಪಟ್ಟು ಸೊನ್ನೆ ಎಂದು ಅಳಿಸಬೇಡ, ಗುಣಕವನ್ನು ಹಾಗೆಯೇ ಇಟ್ಟುಕೋ ಎಂದು ಲೀಲಾವತಿಯಲ್ಲಿ ಭಾಸ್ಕರ ಎಚ್ಚರಿಸುತ್ತಾನೆ. ‘ನ’ ಜನರ ಹಣದ ಲೆಕ್ಕದಲ್ಲಿ ನಾವು ಕಲಿತ ಕಾಯುವ ನಿಯಮ ಇದೇ ತಾನೆ? ಸಿಂಪೈಯಲ್ಲಿ ಈಗಲೇ ಬಿಡಿಸಬೇಡ ಎಂದು ಹೇಳುವ ಆಯ್ಕೆ ಇದೆ. ಅದನ್ನು ಬಳಸುವಾಗಲೆಲ್ಲ ನನಗೆ ಈ ಸಾಲು ನೆನಪಾಗುತ್ತದೆ.

ಕೊನೆಯ ವಿಷಯ, ಕ್ರಮ. ದಯವಿಟ್ಟು ನಿಮ್ಮ ಕೈಯಲ್ಲಿರುವ ಆಹ್ವಾನ ಪತ್ರಿಕೆಯನ್ನು ನೆಟ್ಟಗೆ ಹಿಡಿಯಿರಿ. ಅದನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ. ಮೇಲಂಚು ಈಗ ಬಲಕ್ಕಿದೆ. ಇನ್ನು ಪುಸ್ತಕದ ಹಾಳೆ ಮಗುಚುವಂತೆ ಎಡಬಲವಾಗಿ ಮಗುಚಿ. ಹಿಂಬದಿ ಕಾಣುತ್ತಿದೆ, ಮೇಲಂಚು ಎಡಕ್ಕೆ ಹೋಯಿತು. ಮತ್ತೆ ಮೊದಲಿನಂತೆ ಹಿಡಿದು, ಈ ಸಲ ಮೊದಲು ಮಗುಚಿ, ಆಮೇಲೆ ಕಾಲು ಸುತ್ತು ತಿರುಗಿಸಿ. ಮೇಲಂಚು ಬಲಕ್ಕೆ ಬಂತು. ಕ್ರಿಯೆಗಳು ಅವೇ ಎರಡು, ಕ್ರಮ ಮಾತ್ರ ಬೇರೆ.

ಶಾಲೆಯಲ್ಲಿ ಕಲಿತ ಪರಿವರ್ತನೀಯ ನಿಯಮ ಇಲ್ಲಿ ನಡೆಯುವುದಿಲ್ಲ. ಆದರೆ ತಂತ್ರಾಂಶ, ನೀವು ಬೇಡವೆನ್ನದ ಹೊರತು, ಪ್ರತಿ ಚರಾಕ್ಷರವೂ ಆ ನಿಯಮವನ್ನು ಪಾಲಿಸುತ್ತದೆ ಎಂದೇ ಭಾವಿಸಿ, ಗುಣಲಬ್ಧದ ಅಂಶಗಳನ್ನು ತನ್ನ ಅನುಕೂಲದಂತೆ ಹಿಂದುಮುಂದು ಮಾಡಿ ಜೋಡಿಸಿಬಿಡುತ್ತದೆ. ‘ಕ’ ಮತ್ತು ‘ಖ’ಗಳ ಮೊತ್ತದ ವರ್ಗದಲ್ಲಿ ‘ಕಖ’ದ ಎರಡರಷ್ಟು ಎಂದು ಬರೆಯುತ್ತದೆ. ಸೃಷ್ಟಿಸುವಾಗಲೇ ಇವು ಪರಿವರ್ತನೀಯವಲ್ಲ ಎಂದು ಘೋಷಿಸಿದರೆ ‘ಕಖ’, ‘ಖಕ’ ಎರಡನ್ನೂ ಬೇರೆಬೇರೆಯಾಗಿ ಉಳಿಸುತ್ತದೆ. ಮ್ಯಾಕ್ಸಿಮಾ ಇದಕ್ಕೆಂದೇ ಬೇರೆ ಗುಣಾಕಾರ ಚಿಹ್ನೆ ಇಟ್ಟುಕೊಂಡಿದೆ: ಸಾದಾ ಗುಣಾಕಾರಕ್ಕೆ ನಕ್ಷತ್ರ, ಕ್ರಮ ಮುಖ್ಯವಾದಾಗ ಚುಕ್ಕಿ.

ಭೌತಶಾಸ್ತ್ರಕ್ಕೆ ಇಂಥ ವಸ್ತುಗಳು ಅನಿವಾರ್ಯವಾದದ್ದು 1925ರ ನಂತರ, ಕ್ವಾಂಟಂ ಸಿದ್ಧಾಂತ ಬಂದಮೇಲೆ. ಡಿರಾಕ್ ತನ್ನ ಎಲೆಕ್ಟ್ರಾನ್ ಸಮೀಕರಣಕ್ಕೆ ಬಳಸಿದ ನಾಲ್ಕು ವಸ್ತುಗಳಿಗೆ ಎರಡೆರಡನ್ನು ಜೋಡಿಸುವ ನಿಯಮ ಸಾಕು: ಬೇರೆ ಬೇರೆ ಎರಡನ್ನು ಅದಲುಬದಲು ಮಾಡಿದರೆ ಚಿಹ್ನೆ ಬದಲಾಗುತ್ತದೆ. ಅವುಗಳಿಂದ ಕಟ್ಟಬಹುದಾದ ಸ್ವತಂತ್ರ ಗುಣಲಬ್ಧಗಳು 16. ಮೆಸಾನ್ ಕಣಗಳಿಗಾಗಿ ಡಫಿನ್ ಮತ್ತು ಕೆಮ್ಮರ್ ತಂದ ವಸ್ತುಗಳ ನಿಯಮ ಮೂರು ಮೂರನ್ನು ಒಟ್ಟಿಗೆ ಹಿಡಿಯುತ್ತದೆ. ಅಲ್ಲಿ ಸ್ವತಂತ್ರ ಗುಣಲಬ್ಧಗಳ ಸಂಖ್ಯೆ 126ಕ್ಕೆ ಏರುತ್ತದೆ. ಇದಕ್ಕೂ ಮುಂದಿನದು 3/2 ಭ್ರಮಣೆಯ (ಸ್ಪಿನ್) ಕಣ. ಅದರ ಬೀಜಗಣಿತವನ್ನು ಬಿಡಿಸಲು ಕೈಹಾಕಿದವರು ನಮ್ಮ ಸೆಂಟ್ರಲ್ ಕಾಲೇಜಿನ ಗಣಿತ ಪ್ರಾಧ್ಯಾಪಕ ಬಿ. ಎಸ್. ಮಾಧವರಾವ್. ಅವರ ಲೇಖನ 1942ರಲ್ಲಿ ಬಂತು. 1946ರಲ್ಲಿ ವಿ. ಆರ್. ತಿರುವೆಂಕಟಾಚಾರ್, ಕೆ. ವೆಂಕಟಾಚಲಯ್ಯಂಗಾರ್ ಅವರೊಡನೆ ಬರೆದ ಲೇಖನವನ್ನು ಲಂಡನ್ನಿನ ರಾಯಲ್ ಸೊಸೈಟಿ ಪ್ರಕಟಿಸಿತು. ಆ ದಶಕದ ಮೊದಲ ವರ್ಷಗಳಲ್ಲಿ ಇಲ್ಲಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಹೋಮಿ ಭಾಭಾ ಇದ್ದರು. ಅವರ ಜೊತೆ ಕೆಲಸ ಮಾಡಲು ಬಂದ ತರುಣ ಹರೀಶ್‌ಚಂದ್ರ 1945ರಲ್ಲಿ ಇಲ್ಲಿಂದಲೇ ಕೇಂಬ್ರಿಜ್‌ಗೆ ಹೋದದ್ದು.

ಆಗ ಸಿಂಪೈ ಇರಲಿಲ್ಲ, ಮ್ಯಾಕ್ಸಿಮಾ ಇರಲಿಲ್ಲ. ಅದಲುಬದಲು ಮಾಡುವಾಗ ಒಂದು ಚಿಹ್ನೆ ತಪ್ಪಿದರೆ ಪುಟಗಟ್ಟಲೆ ಕೆಲಸ ಹಾಳು. ಕಾಗದ, ಶಾಯಿ, ತಾಳ್ಮೆ ಇಷ್ಟರಿಂದಲೇ ಅವರು ನಿಯಮಗಳನ್ನು ಒಂದರೊಡನೊಂದು ಹೊಂದಿಸಿ, ಎಲ್ಲಿ ಮುಗಿಯುತ್ತದೆ ಎಂದು ಎಣಿಸಿದರು. ಆ ಕೆಲಸವನ್ನು ಇವತ್ತು ಒಂದು ಲ್ಯಾಪ್‌ಟಾಪಿನಲ್ಲಿ ಪರೀಕ್ಷಿಸಬಹುದು. ನಮ್ಮ ನಗರದ ಯಾವುದಾದರೂ ಕಾಲೇಜಿನ ವಿದ್ಯಾರ್ಥಿಗಳು ಇದನ್ನು ಪ್ರಾಜೆಕ್ಟ್ ಆಗಿ ತೆಗೆದುಕೊಳ್ಳಬೇಕೆಂಬುದು ನನ್ನ ಬಹಳ ದಿನದ ಆಸೆ.

ಅದಕ್ಕೆ ಮೊದಲ ಹೆಜ್ಜೆ ಚಿಕ್ಕದು, ನಿಮ್ಮ ಕೈಯಲ್ಲೇ ಇದೆ. ಆ ಪತ್ರಿಕೆಯನ್ನು ಮನೆಗೆ ಒಯ್ಯಿರಿ. ತಿರುಗಿಸುವುದು, ಮಗುಚುವುದು ಇವೆರಡರಿಂದ ಅದು ಒಟ್ಟು ಎಂಟು ಸ್ಥಿತಿಗಳಿಗೆ ಬರುತ್ತದೆ. ಎಂಟನ್ನು ಎಂಟರೊಡನೆ ಜೋಡಿಸಿ 64 ಮನೆಗಳ ಕೋಷ್ಟಕ ಹಾಕಿ, ಮೊದಲು ಕೈಯಿಂದ ತುಂಬಿ. ಆಮೇಲೆ ಆ ನಿಯಮಗಳನ್ನು ಸಿಂಪೈಗೆ ಬರೆದು, ಅದು ಕೊಡುವ ಕೋಷ್ಟಕವನ್ನು ನಿಮ್ಮದರ ಪಕ್ಕದಲ್ಲಿಟ್ಟು ಮನೆ ಮನೆಯಾಗಿ ಹೋಲಿಸಿ. ಎಲ್ಲಾದರೂ ತಾಳೆಯಾಗದಿದ್ದರೆ ನನಗೂ ತಂದು ತೋರಿಸಿ, ಕುಳಿತು ನೋಡೋಣ.